ಬೀಜ ಹಸಿಯಾಗಿರಲಿ: ಕಾಫಿ, ಟೀ ಗಿಡಗಳನ್ನು ಮನೆಯಲ್ಲೇ ಬೆಳೆಸುವ ಬಗೆ

ಅಡುಗೆಮನೆ ಡಬ್ಬಿಯಲ್ಲಿರುವ ಹುರಿದ ಕಾಫಿ ಬೀಜವನ್ನು ಕುಂಡಕ್ಕೆ ಹಾಕಿ ಕಾಯುತ್ತಿದ್ದರೆ ಇವತ್ತೇ ಬಿಟ್ಟುಬಿಡಿ. ಸುಮಾರು 200 ಡಿಗ್ರಿ ಬಿಸಿಯಲ್ಲಿ ಹುರಿದ ಬೀಜ ಅದು, ಒಳಗಿನ ಜೀವ ಎಂದೋ ಹೋಗಿದೆ. ಹುರಿಯದ ಹಸಿರು ಬೀಜ ತಂದರೆ ಆಗಬಹುದಲ್ವಾ ಅಂತ ಕೇಳಬಹುದು. ಅದೂ ಬಹುತೇಕ ಮೊಳೆಯುವುದಿಲ್ಲ. ಅದನ್ನು ಮಾರಾಟಕ್ಕೆಂದು ಚೆನ್ನಾಗಿ ಒಣಗಿಸಿ, ಸಿಪ್ಪೆ ತೆಗೆದು, ಮೂಟೆಯಲ್ಲಿ ತಿಂಗಳುಗಟ್ಟಲೆ ಇಟ್ಟಿರುತ್ತಾರೆ.

ಇದು ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಮುಂದಿನ ಎಲ್ಲಾ ಕೆಲಸವೂ ಸುಲಭವಾಗುತ್ತದೆ. ಟೊಮೆಟೊ, ಹುರುಳಿಕಾಯಿ ಬೀಜಗಳು ಒಣಗಿ ವರ್ಷಗಟ್ಟಲೆ ಮಲಗಿರುತ್ತವೆ, ನೀರು ಬಿದ್ದಾಗ ಏಳುತ್ತವೆ. ಕಾಫಿ, ಟೀ ಹಾಗಲ್ಲ. ಇವೆರಡೂ ದೊಡ್ಡ ಮರಗಳ ಕೆಳಗೆ, ನೆರಳಲ್ಲಿ ಹುಟ್ಟಿ ಬೆಳೆದ ಗಿಡಗಳು. ಅರೇಬಿಕಾ ಕಾಫಿಯ ಮೂಲ ಇಥಿಯೋಪಿಯಾದ ಎತ್ತರದ ಕಾಡುಗಳು. ಅಲ್ಲಿ ಹಣ್ಣು ಉದುರುವುದೇ ಒದ್ದೆ ತರಗೆಲೆಯ ಮೇಲೆ, ಬೀಜ ಅಲ್ಲೇ ಮೊಳೆಯುತ್ತದೆ. ಒಣಗಿ ಕಾಯುವ ಅಭ್ಯಾಸವೇ ಅದಕ್ಕಿಲ್ಲ. ಕಾಫಿ ಬೀಜ ಸ್ವಲ್ಪ ಒಣಗಿದರೂ ತಡೆದುಕೊಳ್ಳುತ್ತದೆ, ಆದರೆ ಬೇಗ ಮುದಿಯಾಗುತ್ತದೆ. ಟೀ ಬೀಜವಂತೂ ಪೂರ್ತಿ ಒಣಗಿದರೆ ಸತ್ತೇ ಹೋಗುತ್ತದೆ. ತೇವ, ನೆರಳು, ಹುಳಿ ಮಣ್ಣು, ಹೊಸ ಬೀಜ. ಈ ನಾಲ್ಕೂ ಕಾಡಿನಿಂದಲೇ ಬಂದ ಬೇಡಿಕೆಗಳು.

ಬೀಜ ಎಲ್ಲಿಂದ ತರುವುದು

ಹಣ್ಣು ಬಿಟ್ಟ ಗಿಡ ಇರುವವರ ಹತ್ತಿರ ಕೇಳುವುದೇ ಒಳ್ಳೆಯದು. ಅದು ಆಗದಿದ್ದರೆ ನರ್ಸರಿಯಿಂದಲೋ ಬೀಜ ಮಾರುವವರಿಂದಲೋ ತರಿಸಿ, ಆದರೆ ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಹಣ್ಣು ಕಿತ್ತಿದ್ದು ಯಾವಾಗ? ಉತ್ತರ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಡಿ. ಕಾಫಿ ಬೀಜ ಎರಡು ತಿಂಗಳೊಳಗಿನದಾದರೆ ಚೆನ್ನ. ಆರು ತಿಂಗಳು ದಾಟಿದ್ದರೆ ಹತ್ತರಲ್ಲಿ ಒಂದೆರಡು ಬಂದರೂ ಪುಣ್ಯ. ಟೀ ಬೀಜವನ್ನು ತೇವದ ಮರಳಿನಲ್ಲೋ ಇದ್ದಿಲ ಪುಡಿಯಲ್ಲೋ ಇಟ್ಟು ಕಳಿಸುವವರು ಸಿಕ್ಕರೆ ಅವರಿಗೆ ಕೆಲಸ ಗೊತ್ತಿದೆ ಎಂದು ಧೈರ್ಯವಾಗಿ ತೆಗೆದುಕೊಳ್ಳಿ.

ನಾನು ಮೊದಲ ಸಲ ತರಿಸಿದ ಇಪ್ಪತ್ತು ಕಾಫಿ ಬೀಜಗಳಲ್ಲಿ ಒಂದೂ ಹುಟ್ಟಲಿಲ್ಲ. ಮೂರು ತಿಂಗಳು ದಿನಾ ನೀರು ಚಿಮುಕಿಸಿ, ಕೊನೆಗೆ ಮಣ್ಣು ಕೆದಕಿ ನೋಡಿದರೆ ಎಲ್ಲವೂ ಮೆತ್ತಗಾಗಿ ಕೊಳೆತಿದ್ದವು. ಎರಡನೇ ಸಲ ಪರಿಚಯದವರ ಗಿಡದಿಂದ ಆಗಷ್ಟೇ ಕಿತ್ತ ಹಣ್ಣು ಸಿಕ್ಕಿತು. ಹನ್ನೆರಡು ಬೀಜ ಹಾಕಿದೆ, ಹತ್ತು ಬಂದವು. ಮಣ್ಣು ಅದೇ, ನೀರು ಅದೇ, ಕೈಯೂ ಅದೇ. ಬದಲಾಗಿದ್ದು ಬೀಜ ಮಾತ್ರ.

ಯಾವ ಜಾತಿ ಅನ್ನುವುದನ್ನೂ ನೋಡಿಕೊಳ್ಳಿ. ಕುಂಡಕ್ಕೆ ಅರೇಬಿಕಾ ಸರಿ. ಗಿಡ ಸಣ್ಣದು, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಒಂದೇ ಗಿಡ ಇದ್ದರೂ ಹಣ್ಣು ಬರುತ್ತದೆ. ರೋಬಸ್ಟಾ ದೊಡ್ಡದಾಗುತ್ತದೆ, ಕಾಯಿ ಕಟ್ಟಲು ಬೇರೆ ಗಿಡದ ಪರಾಗವೂ ಬೇಕು. ಟೀಯಲ್ಲಿ ಸಣ್ಣ ಎಲೆಯ ಚೀನಾ ಜಾತಿ ಮನೆಗೆ ಒಳ್ಳೆಯದು, ಚಳಿಯನ್ನೂ ತಡೆಯುತ್ತದೆ. ದೊಡ್ಡ ಎಲೆಯ ಅಸ್ಸಾಂ ಜಾತಿ ಸವರದೆ ಬಿಟ್ಟರೆ ಮರವೇ ಆಗಿಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಟೀ ಕ್ಯಾಮೆಲಿಯಾ ಎಂಬ ಕುಲದ ಗಿಡ, ಅದೇ ಕುಲದಲ್ಲಿ ಬರೀ ಹೂವಿಗಾಗಿ ಬೆಳೆಸುವ ಬೇರೆ ಗಿಡಗಳ ಬೀಜವೂ ನೋಡಲು ಟೀ ಬೀಜದ ಹಾಗೇ ಇರುತ್ತದೆ. ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್ ಎಂದೇ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಕಾಫಿ: ಹಣ್ಣಿನಿಂದ ಟೋಪಿಯವರೆಗೆ

ಪೂರ್ತಿ ಕೆಂಪಾದ ಹಣ್ಣು ತೆಗೆದುಕೊಳ್ಳಿ. ಕೆಲವು ತಳಿಗಳಲ್ಲಿ ಹಣ್ಣಾದಾಗ ಹಳದಿ ಬಣ್ಣ ಬರುತ್ತದೆ, ಅದೂ ಸರಿಯೇ. ಎರಡು ಬೆರಳಲ್ಲಿ ಹಿಸುಕಿದರೆ ಬೀಜ ಜಾರಿ ಹೊರಗೆ ಬರುತ್ತದೆ. ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ದುಂಡಗಿನ ಒಂದೇ ಒಂದು. ಬೀಜದ ಮೇಲೆ ಸಿಹಿ ಲೋಳೆ ಇರುತ್ತದೆ. ಅದನ್ನು ಹಾಗೇ ಬಿಟ್ಟು ಬಿತ್ತಿದರೆ ಬೂಸ್ಟು ಬರುತ್ತದೆ, ಇರುವೆ ಮುತ್ತುತ್ತದೆ. ಒಂದು ಬಟ್ಟಲು ನೀರಿನಲ್ಲಿ ಒಂದು ದಿನ, ಒಂದೂವರೆ ದಿನ ನೆನೆಸಿಡಿ, ನಡುವೆ ಒಂದೆರಡು ಸಲ ನೀರು ಬದಲಿಸಿ, ಆಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ. ಜಾರುತ್ತಿದ್ದ ಬೀಜ ಬೆರಳಿಗೆ ಗರಗರ ಅನ್ನಿಸಿದರೆ ಲೋಳೆ ಹೋಯಿತು ಎಂದೇ ಲೆಕ್ಕ. ನೀರಿನಲ್ಲಿ ತೇಲಿದ್ದು ಜಳ್ಳು, ಎಸೆದುಬಿಡಿ.

ಆ ದಿನವೇ ಬಿತ್ತುವುದಾದರೆ ಒಣಗಿಸುವ ಅಗತ್ಯವಿಲ್ಲ. ಒಂದೆರಡು ವಾರ ಇಡಬೇಕಾದರೆ ನೆರಳಲ್ಲಿ ಕಾಗದದ ಮೇಲೆ ಹರಡಿ, ಬಿಸಿಲಿಗೆ ಮಾತ್ರ ಬೇಡ. ಹೊರಗಿನ ಗಟ್ಟಿ ಹೊಟ್ಟು, ಅಂದರೆ ಪಾರ್ಚ್‌ಮೆಂಟ್, ಇದ್ದರೂ ಮೊಳೆಯುತ್ತದೆ. ಬಿಡಿಸಿದರೆ ಸ್ವಲ್ಪ ಬೇಗ. ನಾನು ಬಿಡಿಸುತ್ತೇನೆ, ಆದರೆ ಚಾಕು ಮುಟ್ಟಿಸುವುದಿಲ್ಲ, ಉಗುರಿನಿಂದಲೇ ಅಂಚನ್ನು ಎಬ್ಬಿಸುತ್ತೇನೆ. ಯಾಕೆಂದರೆ ಒಳಗಿನ ಭ್ರೂಣ ತೀರಾ ಸಣ್ಣದು, ಬೀಜದ ಒಂದು ತುದಿಯಲ್ಲಿ ಮೇಲ್ಮೈಗೆ ಹತ್ತಿರವೇ ಇರುತ್ತದೆ, ಅಲ್ಲಿ ಗಾಯವಾದರೆ ಬೀಜ ಹೋಯಿತು.

ಬಿತ್ತುವುದಕ್ಕೆ ಮರಳು ಅರ್ಧ, ತೆಂಗಿನ ನಾರಿನ ಪುಡಿ ಅರ್ಧ. ಬರೀ ತೊಳೆದ ಮರಳಾದರೂ ನಡೆಯುತ್ತದೆ. ಗೊಬ್ಬರ ಹಾಕಬೇಡಿ. ಮೊದಲ ಎರಡು ತಿಂಗಳಿಗೆ ಬೇಕಾದ ಊಟ ಬೀಜದೊಳಗೇ ಇದೆ, ಗೊಬ್ಬರ ಹಾಕಿದರೆ ಕೊಳೆಯುವುದು ಜಾಸ್ತಿ. ಚಪ್ಪಟೆ ಮುಖ ಕೆಳಗೆ, ಉಬ್ಬಿದ ಬೆನ್ನು ಮೇಲೆ ಬರುವಂತೆ ಇಟ್ಟು, ಒಂದರಿಂದ ಒಂದೂವರೆ ಸೆಂ.ಮೀ. ಮರಳು ಮುಚ್ಚಿ. ಬೀಜದಿಂದ ಬೀಜಕ್ಕೆ ಎರಡು ಬೆರಳು ಜಾಗ ಬಿಡಿ. ಬೆಚ್ಚಗಿರಬೇಕು, 25ರಿಂದ 30 ಡಿಗ್ರಿ ಇದ್ದರೆ ತುಂಬಾ ಚೆನ್ನ. ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ. ಮರಳನ್ನು ಹಿಡಿದರೆ ಕೈಗೆ ತಣ್ಣಗೆ ತೇವ ತಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು.

ಆಮೇಲೆ ಕಾಯುವುದು. ಆರರಿಂದ ಎಂಟು ವಾರ, ತಂಪು ಜಾಗವಾದರೆ ಮೂರು ತಿಂಗಳು. ಬಹಳ ಜನ ಕೈಬಿಡುವುದು ಇಲ್ಲೇ. ದಯವಿಟ್ಟು ಕೆದಕಬೇಡಿ. ನಲವತ್ತನೇ ದಿನ ನನಗೆ ತಡೆಯಲಾಗಲಿಲ್ಲ, ಸುಮ್ನೆ ಒಂದು ಬೀಜದ ಪಕ್ಕ ಬೆರಳು ಹಾಕಿ ನೋಡಿದೆ. ಅಂಗುಲದಷ್ಟು ಬೆಳ್ಳಗಿನ ಬೇರು ಇಳಿದಿತ್ತು, ನನ್ನ ಬೆರಳು ತಾಗಿ ಅದು ಮುರಿದೇ ಹೋಯಿತು. ಮೇಲೆ ಏನೂ ಕಾಣದಿದ್ದಾಗಲೇ ಕೆಳಗೆ ಎಲ್ಲಾ ಕೆಲಸ ನಡೆಯುತ್ತಿರುತ್ತದೆ.

ಒಂದು ಬೆಳಿಗ್ಗೆ ಮರಳು ಸ್ವಲ್ಪ ಬಿರುಕು ಬಿಟ್ಟಿರುತ್ತದೆ. ಒಳಗಿನಿಂದ ತಿಳಿ ಹಸಿರು ಕಾಂಡ ಬಿಲ್ಲಿನ ಹಾಗೆ ಬಾಗಿಕೊಂಡು ಮೇಲೆ ಬರುತ್ತದೆ, ತಲೆ ಇನ್ನೂ ಮಣ್ಣಲ್ಲೇ. ಎರಡು ಮೂರು ದಿನದಲ್ಲಿ ಅದು ನೆಟ್ಟಗಾಗುತ್ತಾ ಇಡೀ ಬೀಜವನ್ನೇ ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಕಾಫಿ ಬೆಳೆಯುವವರು ಇದಕ್ಕೆ ಟೋಪಿ ಅಂತಾರೆ, ನೋಡಿದರೆ ಬೇರೆ ಹೆಸರೇ ಹೊಳೆಯುವುದಿಲ್ಲ. ಟೋಪಿಯನ್ನು ಕಿತ್ತು ಸಹಾಯ ಮಾಡಲು ಹೋಗಬೇಡಿ. ಎಳೆ ಎಲೆಗಳು ಒಳಗೆ ಮಡಚಿಕೊಂಡು ಬೀಜದ ಸಾರವನ್ನು ಹೀರುತ್ತಿರುತ್ತವೆ, ಎಳೆದರೆ ಎಲೆಯೂ ಹರಿದು ಬರುತ್ತದೆ. ಗಾಳಿ ಒಣಗಿದ್ದು, ಹೊಟ್ಟು ಬಿಗಿಯಾಗಿ ಅಂಟಿಕೊಂಡಿದ್ದರೆ ಬೆರಳ ತುದಿಯಿಂದ ಒಂದು ಹನಿ ನೀರು ಅದರ ಮೇಲೆ ಬಿಡಿ, ದಿನಕ್ಕೆ ಎರಡು ಸಲ. ಎರಡು ಮೂರು ವಾರದಲ್ಲಿ ಟೋಪಿ ತಾನಾಗಿ ಸಡಿಲವಾಗಿ ಕೆಳಗೆ ಬೀಳುತ್ತದೆ, ಸುಕ್ಕುಸುಕ್ಕಾದ ಎರಡು ದುಂಡನೆ ಎಲೆ ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಕಾಫಿ ಎಲೆ ಹೀಗಿರುತ್ತಾ ಅಂತ ಗಾಬರಿ ಬೇಡ. ಇವು ಬೀಜದ ಎಲೆಗಳು. ಹೊಳೆಯುವ, ಚೂಪು ತುದಿಯ ನಿಜವಾದ ಎಲೆಗಳು ಆಮೇಲೆ ಜೋಡಿಜೋಡಿಯಾಗಿ ಬರುತ್ತವೆ.

ಕುಂಡಕ್ಕೆ ಬದಲಿಸುವುದು

ಟೋಪಿ ಇರುವಾಗ ಇಲ್ಲವೇ ಚಿಟ್ಟೆ ಎಲೆ ಬಿಚ್ಚಿದ ಕೂಡಲೇ ಬದಲಿಸಿ. ತಡ ಮಾಡಿದಷ್ಟೂ ತಾಯಿಬೇರು ಉದ್ದವಾಗುತ್ತದೆ, ಕೀಳುವಾಗ ತುಂಡಾಗುತ್ತದೆ. ಕುಂಡ ಅಗಲಕ್ಕಿಂತ ಆಳವಾಗಿರಲಿ, ಕಡಿಮೆ ಅಂದರೆ 20 ಸೆಂ.ಮೀ. ಇದನ್ನು ನಾನು ಒತ್ತಿ ಹೇಳುತ್ತೇನೆ: ತಾಯಿಬೇರು ನೆಟ್ಟಗೆ ಇಳಿಯಬೇಕು. ತುದಿ ಮಡಚಿ ಮೇಲಕ್ಕೆ ತಿರುಗಿದರೆ ಈಗ ಏನೂ ಗೊತ್ತಾಗುವುದಿಲ್ಲ, ಒಂದೆರಡು ವರ್ಷ ಆದ ಮೇಲೆ ಗಿಡ ಕಾರಣವೇ ಇಲ್ಲದೆ ಸೊರಗುತ್ತದೆ. ಕಡ್ಡಿಯಿಂದ ಆಳವಾದ ತೂತು ಮಾಡಿ, ಸಸಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಎತ್ತಿ. ಹೀಗೆ ಎತ್ತುವಾಗ ಬೇರು ತಾನೇ ನೆಟ್ಟಗಾಗುತ್ತದೆ. ಬೇರು ತೀರಾ ಉದ್ದವಿದ್ದರೆ ತುದಿಯನ್ನು ಉಗುರಲ್ಲಿ ಚಿವುಟಿ ಹಾಕಿ, ಅದರಿಂದ ತೊಂದರೆಯಿಲ್ಲ.

ಮಣ್ಣಿಗೆ ಎರಡು ಪಾಲು ಹಗುರ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಮರಳು. ಮಣ್ಣಿನ ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಕಾಫಿಗೆ ಪಿಎಚ್ 5.5ರಿಂದ 6.5 ಇರಲಿ.

ಬೆಳಕು ಚೆನ್ನಾಗಿರಬೇಕು, ಮಧ್ಯಾಹ್ನದ ನೇರ ಬಿಸಿಲು ಬೇಡ. ಕಿಟಕಿಗೆ ತೆಳು ಪರದೆ, ದೊಡ್ಡ ಗಿಡದ ನೆರಳು, ಹಸಿರು ಬಲೆ, ಯಾವುದಾದರೂ ಸರಿ. ಬಿಸಿಲು ಜಾಸ್ತಿಯಾದರೆ ಎಲೆಯ ನಡುಭಾಗ ಮೊದಲು ಬಿಳಿಚಿಕೊಂಡು ಆಮೇಲೆ ಕಂದಾಗುತ್ತದೆ. ನೀರಿನ ವಿಷಯದಲ್ಲಿ ಕಾಫಿ ಗಿಡ ತಾನೇ ಮಾತಾಡುತ್ತದೆ. ಬಾಯಾರಿದರೆ ಎಲೆಗಳೆಲ್ಲಾ ಜೋತುಬೀಳುತ್ತವೆ, ನೀರು ಕೊಟ್ಟ ಕೆಲವು ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ಆದರೆ ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ಬೇರು ಕೊಳೆಯುತ್ತಿದೆ ಅಂತ ಅರ್ಥ, ಆಗ ನೀರು ನಿಲ್ಲಿಸಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಅರೇಬಿಕಾಕ್ಕೆ 15ರಿಂದ 25 ಡಿಗ್ರಿ ಹಿತ. ಹತ್ತಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ, ಹಿಮ ಬಿದ್ದರೆ ಗಿಡವೇ ಸುಟ್ಟುಹೋಗುತ್ತದೆ. ಚಳಿ ಜಾಸ್ತಿ ಇರುವ ಕಡೆ ಒಳಗೆ ತಂದಿಡಿ.

ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟವನ್ನು ಕುಂಡಕ್ಕೆ ಸುರಿಯುವವರು ಬಹಳ. ಎಳೆ ಸಸಿಗೆ ಅದು ಬೇಡವೇ ಬೇಡ. ಅದರಲ್ಲಿ ಉಳಿದ ಕೆಫೀನ್ ಎಳೆ ಬೇರಿಗೆ ಒಳ್ಳೆಯದಲ್ಲ, ದಪ್ಪಗೆ ಹಾಕಿದರೆ ಮೇಲೆ ಪದರ ಕಟ್ಟಿ ನೀರೇ ಇಳಿಯುವುದಿಲ್ಲ. ಬೇರೆ ಕಸದ ಜೊತೆ ಕೊಳೆಸಿ ಗೊಬ್ಬರವಾದ ಮೇಲೆ ಹಾಕಿ.

ಆರೇಳು ಜೋಡಿ ಎಲೆ ಬರುವವರೆಗೆ ಗಿಡ ಒಂದೇ ಕೋಲಿನ ಹಾಗೆ ಹೋಗುತ್ತದೆ, ಆಮೇಲೆ ಅಡ್ಡ ಕೊಂಬೆಗಳು ಒಡೆಯುತ್ತವೆ. ಅಡ್ಡ ಕೊಂಬೆಯನ್ನು ಕತ್ತರಿಸಿ ನೆಟ್ಟರೆ ಹೊಸ ಗಿಡವೂ ಅಡ್ಡಡ್ಡವೇ ಬೆಳೆಯುತ್ತದೆ, ನೆಟ್ಟಗೆ ಏಳುವುದೇ ಇಲ್ಲ. ಗಿಡ ಎತ್ತರವಾಯಿತು ಅನ್ನಿಸಿದಾಗ ಮುಖ್ಯ ಕಾಂಡದ ತುದಿ ಕತ್ತರಿಸಿ, ಕೊಂಬೆಗಳು ತುಂಬಿಕೊಳ್ಳುತ್ತವೆ.

ಎಲೆ ಕೊಂಬೆಗೆ ಸೇರುವ ಮೂಲೆಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಗಿಡದ ಮೇಲೆ ಇರುವೆ ಓಡಾಡುತ್ತಿದ್ದರೆ ಎಲೆ ತಿರುಗಿಸಿ ನೋಡಿ, ಬಹುಪಾಲು ಅಲ್ಲೇ ಇರುತ್ತವೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿ.

ಹೂ ಬರಲು ಮೂರರಿಂದ ನಾಲ್ಕು ವರ್ಷ. ಹೂಮೊಗ್ಗು ಸಣ್ಣದಾಗಿ ಕಟ್ಟಿ ಒಣ ದಿನಗಳಲ್ಲಿ ಹಾಗೇ ಕೂತಿರುತ್ತದೆ, ಒಂದು ಒಳ್ಳೆ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಎಲ್ಲಾ ಒಟ್ಟಿಗೇ ಅರಳುತ್ತದೆ. ತೋಟದವರು ಹೂಮಳೆ ಅನ್ನುವುದು ಇದನ್ನೇ. ಕುಂಡದ ಗಿಡಕ್ಕೂ ಕೆಲವು ವಾರ ನೀರು ಕಡಿಮೆ ಮಾಡಿ, ಎಲೆ ಬಾಡದಷ್ಟು ಮಾತ್ರ ಕೊಟ್ಟು, ಆಮೇಲೆ ಒಂದು ದಿನ ಚೆನ್ನಾಗಿ ನೆನೆಸಿ. ಬಿಳಿ ಹೂ, ಮಲ್ಲಿಗೆಯಂಥ ವಾಸನೆ, ಎರಡು ಮೂರು ದಿನವಷ್ಟೇ ಇರುತ್ತದೆ. ಹಣ್ಣಾಗಲು ಮತ್ತೆ ಏಳರಿಂದ ಒಂಬತ್ತು ತಿಂಗಳು. ಒಂದು ಲೋಟ ಕಾಫಿಗೆ 10 ಗ್ರಾಂ ಪುಡಿ ಅಂತ ಇಟ್ಟುಕೊಂಡರೆ ಅದಕ್ಕೆ ಸುಮಾರು 40 ಹಣ್ಣು ಬೇಕು. ಕುಂಡದ ಗಿಡ ಮೊದಲ ವರ್ಷ ಕೊಡುವುದು ಒಂದೆರಡು ಹಿಡಿ. ಅಷ್ಟಕ್ಕೆ ಮನಸ್ಸು ಸಿದ್ಧವಿರಲಿ.

ಟೀ: ಬೀಜ ಬಿರಿಯುವುದನ್ನು ಕಾಯಬೇಕು

ಟೀ ಕಾಯಿ ಗಿಡದಲ್ಲೇ ಹತ್ತಿರಹತ್ತಿರ ಒಂದು ವರ್ಷ ಇರುತ್ತದೆ. ಹಾಗಾಗಿ ಹೋದ ವರ್ಷದ ಕಾಯಿ, ಈ ವರ್ಷದ ಹೂ ಎರಡೂ ಒಂದೇ ಕೊಂಬೆಯಲ್ಲಿ ಕಾಣುತ್ತವೆ. ಕಾಯಿ ಕಂದಾಗಿ ತಾನೇ ಒಡೆದಾಗ ಗೋಲಿಯಂಥ ಗಟ್ಟಿ ಬೀಜ ಉದುರುತ್ತದೆ, ಒಂದು ಕಾಯಲ್ಲಿ ಒಂದರಿಂದ ಮೂರು. ಅದನ್ನು ಆರಿಸಿದ ದಿನವೇ ನೀರಿಗೆ ಹಾಕಿ. 24 ಗಂಟೆಯಲ್ಲಿ ಮುಳುಗಿದ್ದು ಒಳ್ಳೆಯದು. ತೇಲಿದ್ದಕ್ಕೆ ಇನ್ನೊಂದು ದಿನ ಅವಕಾಶ ಕೊಡಿ, ಆಗಲೂ ಮುಳುಗದಿದ್ದರೆ ಜಳ್ಳು.

ಚಿಪ್ಪು ಗಟ್ಟಿ ಇರುವುದರಿಂದ ಹಾಗೇ ಬಿತ್ತಿದರೆ ಒಂದು ಈ ತಿಂಗಳು, ಇನ್ನೊಂದು ಮೂರು ತಿಂಗಳಿಗೆ ಹುಟ್ಟುತ್ತದೆ. ಅದಕ್ಕೆ ಮೊದಲು ಬಿರಿಸುವುದು ಒಳ್ಳೆಯದು. ಮುಳುಗಿದ ಬೀಜಗಳನ್ನು ಒದ್ದೆ ಬಟ್ಟೆಯ ಮೇಲೆ ಒಂದೇ ಸಾಲಾಗಿ ಹರಡಿ ಬಿಸಿಲಿಗಿಡಿ, ಬಟ್ಟೆ ಒಣಗುವ ಮುಂಚೆ ಮತ್ತೆ ಮತ್ತೆ ನೀರು ಚಿಮುಕಿಸಿ. ಇಲ್ಲಿ ಮರೆತು ಬಟ್ಟೆ ಒಣಗಲು ಬಿಟ್ಟರೆ ಎಲ್ಲಾ ಕೆಲಸ ಹಾಳು. ಎರಡು ಮೂರು ದಿನದಲ್ಲಿ ಕಂದು ಚಿಪ್ಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡುತ್ತದೆ, ಬೆಳಕಿಗೆ ಹಿಡಿದರೆ ಒಳಗಿನ ಬಿಳಿ ಕಾಣುತ್ತದೆ. ಬಿರಿದದ್ದನ್ನು ಅಂದಂದೇ ತೆಗೆದು ಬಿತ್ತಿ, ಉಳಿದದ್ದನ್ನು ಮತ್ತೆ ಒದ್ದೆ ಬಟ್ಟೆಗೆ ಹಾಕಿ.

ಬೀಜದ ಮೇಲೆ ಒಂದು ಮಾಸಲು ಕಣ್ಣಿನ ಗುರುತು ಇರುತ್ತದೆ. ಬೇರು ಹೊರಡುವುದು ಅಲ್ಲಿಂದಲೇ. ಆ ಕಣ್ಣು ಕೆಳಕ್ಕೋ ಪಕ್ಕಕ್ಕೋ ಬರುವಂತೆ ಇಟ್ಟು ಎರಡೂವರೆ ಸೆಂ.ಮೀ. ಆಳಕ್ಕೆ ಮುಚ್ಚಿ. ಮೊದಲಿಗೇ ಆಳವಾದ ಚೀಲದಲ್ಲಿ ಒಂದೊಂದೇ ಬಿತ್ತುವುದು ಉತ್ತಮ. ಇದರ ತಾಯಿಬೇರು ಕಾಫಿಗಿಂತ ಬೇಗ ಇಳಿಯುತ್ತದೆ. ಒಂದರಿಂದ ಎರಡು ತಿಂಗಳಲ್ಲಿ ಮೊಳಕೆ ಕಾಣುತ್ತದೆ. ಕಾಫಿಯ ಹಾಗೆ ಟೋಪಿ ಇಲ್ಲಿಲ್ಲ. ಟೀ ಬೀಜ ಮಣ್ಣಿನೊಳಗೇ ಉಳಿದು, ಚೂಪಾದ ಚಿಗುರೊಂದೇ ಮೇಲೆ ಬರುತ್ತದೆ. ಅದಕ್ಕೇ ಚಿಗುರು ಬಂದ ಮೇಲೂ ಮಣ್ಣು ಕೆದಕಿ ಬೀಜ ತೆಗೆಯಬೇಡಿ, ಗಿಡ ಇನ್ನೂ ಅದರಿಂದಲೇ ಉಣ್ಣುತ್ತಿರುತ್ತದೆ.

ಟೀ ಗಿಡದ ದೊಡ್ಡ ಹಟ ಮಣ್ಣಿನದ್ದು. ಪಿಎಚ್ 4.5ರಿಂದ 5.5, ಅಂದರೆ ಕಾಫಿಗಿಂತಲೂ ಹುಳಿ. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು ಒಂದನ್ನೂ ಹತ್ತಿರ ತರಬೇಡಿ. ಉಳಿದ ಗಿಡಗಳಿಗೆ ಒಳ್ಳೆಯದೆಂದು ಕೈಯಭ್ಯಾಸಕ್ಕೆ ಬೂದಿ ಎರಚಿ ಟೀ ಗಿಡ ಕಳೆದುಕೊಳ್ಳುವವರಿದ್ದಾರೆ. ಗಡಸು ನೀರಿನಲ್ಲೂ ಸುಣ್ಣವಿರುತ್ತದೆ, ಸಾಧ್ಯವಾದಷ್ಟು ಮಳೆ ನೀರು ಹಿಡಿದಿಟ್ಟು ಕೊಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಮಣ್ಣಿನ ಹುಳಿ ಸಾಲದು. ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಆಗ ಒಂದು ಚಿಟಿಕೆ ಗಂಧಕದ ಪುಡಿ ಮಣ್ಣಿಗೆ ಬೆರೆಸಿ ಒಂದೆರಡು ತಿಂಗಳು ನೋಡಿ. ಕೂಡಲೇ ಫಲ ಕಾಣದು, ಹಾಗಂತ ಜಾಸ್ತಿ ಹಾಕಬೇಡಿ.

ಎಳೆಯದರಲ್ಲಿ ನೆರಳು, ವರ್ಷ ತುಂಬಿದ ಮೇಲೆ ನಾಲ್ಕೈದು ಗಂಟೆ ಬಿಸಿಲು ತಡೆಯುತ್ತದೆ. ಗಿಡ ಮೊಣಕಾಲುದ್ದ ಬಂದು ಕಾಂಡ ಪೆನ್ಸಿಲ್ ದಪ್ಪ ಆದಾಗ ಒಂದು ಗೇಣು ಎತ್ತರಕ್ಕೆ ಕತ್ತರಿಸಿ. ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಕತ್ತರಿಸಲು ಕೈ ಬರುವುದಿಲ್ಲ, ನನಗೂ ಬರಲಿಲ್ಲ. ಒಂದನ್ನು ಕತ್ತರಿಸಿ ಒಂದನ್ನು ಹಾಗೇ ಬಿಟ್ಟೆ. ಕತ್ತರಿಸಿದ್ದು ಬುಡದಿಂದ ನಾಲ್ಕು ಕೊಂಬೆ ಒಡೆದು ತುಂಬಿಕೊಂಡಿತು, ಬಿಟ್ಟದ್ದು ಬರೀ ಕಡ್ಡಿಯಾಗಿ ಮೇಲಕ್ಕೆ ಹೋಯಿತು.

ಮೂರನೇ ವರ್ಷದಿಂದ ಚಿಗುರು ಕೀಳಬಹುದು. ಎರಡು ಎಲೆ, ಒಂದು ಮೊಗ್ಗು, ಅಷ್ಟೇ. ಹಸಿರು ಟೀ ಬೇಕಾದರೆ ಕಿತ್ತ ಚಿಗುರನ್ನು ಒಂದೆರಡು ನಿಮಿಷ ಹಬೆಯಲ್ಲಿಟ್ಟು, ಅಂಗೈಯಲ್ಲಿ ಉಜ್ಜಿ ಸುರುಳಿ ಮಾಡಿ, ಸಣ್ಣ ಬಿಸಿಯಲ್ಲಿ ಗರಿಗರಿಯಾಗಿ ಒಣಗಿಸಿ. ಕಪ್ಪು ಟೀಗೆ ಮೊದಲು ರಾತ್ರಿಯಿಡೀ ನೆರಳಲ್ಲಿ ಬಾಡಿಸಿ, ರಸ ಬರುವ ಹಾಗೆ ಗಟ್ಟಿಯಾಗಿ ಉಜ್ಜಿ, ಒದ್ದೆ ಬಟ್ಟೆ ಮುಚ್ಚಿ ಎರಡು ಮೂರು ಗಂಟೆ ಬಿಡಿ. ತಾಮ್ರದ ಬಣ್ಣ ತಿರುಗಿದ ಮೇಲೆ ಒಣಗಿಸಿ. ನಾಲ್ಕೈದು ಹಿಡಿ ತೂಕದ ಚಿಗುರು ಒಣಗಿ ಒಂದು ಹಿಡಿ ತೂಕಕ್ಕೆ ಇಳಿಯುತ್ತದೆ.

ಮುಂದೆ ನಿಮ್ಮದೇ ಟೀ ಬೀಜ ಬೇಕೆಂದಿದ್ದರೆ ಎರಡು ಗಿಡವಾದರೂ ಪಕ್ಕಪಕ್ಕ ಇಡಿ. ಟೀ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಬಹಳ ಅಪರೂಪ. ಎರಡು ಗಿಡಗಳ ಪರಾಗ ಸೇರಿ ಬಂದ ಬೀಜದ ಗಿಡಗಳು ತಾಯಿಯ ಪಡಿಯಚ್ಚಾಗಿರುವುದಿಲ್ಲ, ಒಂದೊಂದರ ಎಲೆಯೂ ರುಚಿಯೂ ಸ್ವಲ್ಪ ಬೇರೆ. ಕಾಯಿ ಕಂದಾಗತೊಡಗಿದಾಗ ಗಿಡದ ಬುಡಕ್ಕೆ ಒಂದು ಹಳೇ ಬಟ್ಟೆ ಹಾಸಿಬಿಡಿ, ಉದುರಿದ ಬೀಜ ಬಿಸಿಲಲ್ಲಿ ಬಿದ್ದು ಒಣಗುವ ಮುಂಚೆ ಸಂಜೆಗೊಮ್ಮೆ ಆರಿಸಿ ನೀರಿಗೆ ಹಾಕಿ.